ಸಗಣಿಯ ಮೇಲಿನ ಬ್ರಹ್ಮಜ್ಞಾನ

ಹೋದ ವಾರ ಬಿಳಿ ಸೀರೆಗೆ ನೀಲಿ ಹಾಕುವಾಗ ಶೀಶೆಯ ಮುಚ್ಚಳ ಸಡಿಲಾಗಿ ನಾಲ್ಕು ಹನಿ ಹೆಬ್ಬೆರಳಿನ ಮೇಲೆ ಬಿತ್ತು. ಸೋಪು ಹಾಕಿ ಉಜ್ಜಿದೆ, ನಿಂಬೆಹೋಳು ತಿಕ್ಕಿದೆ. ಚರ್ಮದ ಮೇಲಿನದು ಹೋಯಿತು, ಉಗುರಿನ ಸಂದಿಯಲ್ಲಿದ್ದದ್ದು ಹೋಗಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತು ತುತ್ತು ಎತ್ತುವಾಗ ಆ ಉಗುರು ಕಣ್ಣಿಗೆ ಬಿತ್ತು... ಇಂಥದೇ ನೀಲಿ ಉಗುರನ್ನು ನಾನು ಅರವತ್ತು ವರ್ಷಗಳ ಹಿಂದೆ ಸಾಗರದಲ್ಲಿ ನೋಡಿದ್ದೆ. ಅದು ಒಂದು ಬಗೆಯ ಅಣಬೆಯ ಕಾಲನ್ನು ಚಿವುಟಿದ್ದರಿಂದ ಹತ್ತಿದ ಬಣ್ಣ. ಉಗುರು ಒಬ್ಬ ಬಡ ಹೆಂಗಸಿನದು. ಅಣಬೆ ತಿಂದವರು ನಮ್ಮ ವಠಾರದ ಲೆಕ್ಚರರ್.

ಲೆಕ್ಚರರ್ ತೀರಿಕೊಂಡು ಬಹಳ ವರ್ಷವಾಯಿತು. ಅವರ ಮೇಲಿನ ನನ್ನ ಸಿಟ್ಟು ಮಾತ್ರ ಗಟ್ಟಿಮುಟ್ಟಾಗಿದೆ, ನನಗಿಂತ ಚೆನ್ನಾಗಿ ಓಡಾಡಿಕೊಂಡಿದೆ.

ನಾನು ತೀರ್ಥಹಳ್ಳಿ ಕಡೆಯ ಗೌಡರ ಮನೆಯವಳು. ಟ್ರೈನಿಂಗ್ ಮುಗಿಸಿ ಸಾಗರದ ಒಂದು ಪ್ರಾಥಮಿಕ ಶಾಲೆಗೆ ಬಂದಾಗ ಇಪ್ಪತ್ಮೂರು ವರ್ಷ. ಮದುವೆಯಾಗಿರಲಿಲ್ಲ. ಶರಾವತಿಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ ಹೊಸತು. ಮನೆ ಗದ್ದೆ ಕಳೆದುಕೊಂಡವರು ಪೇಟೆಯ ತುಂಬ ಇದ್ದರು. ಅವರಿಗೆ ಊರು ಕೇರಿ ಕುಲದ ಗುರುತೆಲ್ಲ ಹೋಗಿ ‘ಮುಳುಗಡೆಯವರು’ ಎಂಬುದೊಂದೇ ಉಳಿದಿತ್ತು. ನಾನು ಬಾಡಿಗೆಗಿದ್ದ ವಠಾರದಲ್ಲಿ ಮುಂದಿನ ದೊಡ್ಡ ಭಾಗ ಯಜಮಾನರದು. ಅಡಿಕೆ ಮಂಡಿಯಲ್ಲಿ ಕೆಲಸ ಮಾಡುತ್ತಿದ್ದ ಮಡಿವಂತ ಬ್ರಾಹ್ಮಣರು, ಮಾತು ಕಡಿಮೆ, ಮನುಷ್ಯ ಕೆಟ್ಟವರಲ್ಲ. ಹಿಂದೆ ಅಂಗಳಕ್ಕೆ ಮುಖ ಮಾಡಿ ಎರಡು ಕೋಣೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಲೆಕ್ಚರರ್.

ಅವರು ಬಯಲುಸೀಮೆಯ ಯಾವುದೋ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳುತ್ತಿದ್ದರಂತೆ. ಪ್ರಜ್ಞೆಯ ಮೇಲೆ ಪುಸ್ತಕ ಬರೆಯಬೇಕೆಂದು ರಜೆ ಹಾಕಿ ಬಂದಿದ್ದರು. ಹೆಂಡತಿಯನ್ನು ತವರಿಗೆ ಕಳಿಸಿದ್ದರು, ಅವಳು ಜೊತೆಗಿದ್ದರೆ ಪ್ರಜ್ಞೆ ವಿಸ್ತಾರವಾಗುವುದಿಲ್ಲವಂತೆ. ನಲವತ್ತರ ಹತ್ತಿರದ ವಯಸ್ಸು, ಹೆಗಲ ಮೇಲೆ ಕಾವಿಯೂ ಅಲ್ಲದ ಕಂದೂ ಅಲ್ಲದ ಒಂದು ಶಾಲು, ಗೋಡೆಗೆ ಕನ್ನಡಿ. ಆ ಕನ್ನಡಿಯ ಮುಂದೆ ನಿಂತು ಅವರು ಶಾಲನ್ನು ಮೂರು ನಾಲ್ಕು ಬಗೆಯಲ್ಲಿ ಹೊದ್ದು ನೋಡುವುದನ್ನು ನಾನು ಬಟ್ಟೆ ಒಣಹಾಕುವಾಗ ಎಷ್ಟೋ ಸಲ ಕಂಡಿದ್ದೇನೆ. ಕುಡಿದ ಕಾಫಿ ಲೋಟ ತೊಳೆಯುವುದು ಅವರಿಗೆ ಗೊತ್ತಿರಲಿಲ್ಲ. ಯಜಮಾನರ ಹೆಂಡತಿ, ಪಾಪ, ಅದನ್ನೂ ತೊಳೆದಿಡುತ್ತಿದ್ದರು.

ಮೊದಮೊದಲು ಗುರುವಾರಗಳಂದು ವರದಹಳ್ಳಿಯ ಆಶ್ರಮಕ್ಕೆ ಹೋಗಿ ಧ್ಯಾನಕ್ಕೆ ಕೂತು ಬರುತ್ತಿದ್ದರು. ನಾಲ್ಕನೇ ವಾರಕ್ಕೆ ಮಂಡಿನೋವು ಬಂತು. ಐದನೇ ವಾರಕ್ಕೆ ಅವರಿಗೆ ಹೊಳೆದ ಸತ್ಯವೆಂದರೆ, ಕೂತು ಧ್ಯಾನ ಮಾಡುವುದು ಹಳೆಯ ಕಾಲದ ನಿಧಾನದ ದಾರಿ, ಈಗ ವಿಜ್ಞಾನ ಮುಂದುವರಿದಿದೆ ಎಂಬುದು. ಯಾವುದೋ ವಿದೇಶಿ ಪತ್ರಿಕೆಯನ್ನು ತರಿಸಿಕೊಂಡಿದ್ದರು. ದೂರದ ಒಂದು ದೇಶದಲ್ಲಿ ಗುಡ್ಡಗಾಡಿನ ಜನ ಒಂದು ಜಾತಿಯ ಅಣಬೆ ತಿಂದು ದೇವರನ್ನು ಕಾಣುತ್ತಾರೆಂದೂ, ಅಂಥದೇ ಗುಣದ ಔಷಧಿಯನ್ನು ಪ್ರಯೋಗಶಾಲೆಯಲ್ಲಿ ಮಾಡಿ ಅಲ್ಲಿನ ಪ್ರೊಫೆಸರರೂ ವಿದ್ಯಾರ್ಥಿಗಳೂ ತಿನ್ನುತ್ತಿದ್ದಾರೆಂದೂ ಅದರಲ್ಲಿತ್ತು. ಸಂಜೆ ನಾನು ಅಕ್ಕಿ ಆರಿಸುತ್ತ ಕೂತರೆ ಎದುರಿಗೆ ಕುರ್ಚಿ ಹಾಕಿಕೊಂಡು ಕೂತು ಹೇಳುತ್ತಿದ್ದರು. ನಾನು ಶಾಲೆಯಿಂದ ತಂದಿಟ್ಟುಕೊಂಡ ಬಳಪ ತೆಗೆದುಕೊಂಡು ನನ್ನ ಕೋಣೆಯ ಗೋಡೆಯ ಮೇಲೆ ಮಿದುಳು ಎಂದು ಏನೋ ಬರೆದರು. ನೋಡಿದರೆ ಹಲಸಿನ ಸೊಳೆಯ ಹಾಗಿತ್ತು. ಮಿದುಳಿನಲ್ಲಿ ಒಂದು ಜರಡಿ ಇದೆ, ಅದು ಪ್ರಪಂಚದ ಬಹುಪಾಲನ್ನು ತಡೆದು ಪುಡಿಯಷ್ಟನ್ನೇ ಒಳಗೆ ಬಿಡುತ್ತದೆ, ಈ ಅಣಬೆ ಜರಡಿಯನ್ನು ಕಿತ್ತು ಬಿಸಾಕುತ್ತದೆ ಎಂದರು.

“ಆಗ ‘ನಾನು’ ಎಂಬುದೇ ಇರುವುದಿಲ್ಲ ಅಕ್ಕೋರೆ. ಎಲ್ಲ ಒಂದೇ. ನಾನೂ ನೀವೂ ಈ ಮರವೂ ಒಂದೇ.”

ಲೋಟ ತೊಳೆಯುವವರು ತೊಳೆಸಿಕೊಳ್ಳುವವರು ಒಂದೇ ಆಗುತ್ತಾರೋ ಎಂದು ಕೇಳಬೇಕೆನ್ನಿಸಿತ್ತು. ಕೇಳಲಿಲ್ಲ. ಇಷ್ಟು ಓದಿದವರು ಒಂದು ಪ್ರೈಮರಿ ಶಾಲೆಯ ಟೀಚರ ಎದುರು ಕೂತು ಮಿದುಳಿನ ವಿಚಾರ ಹೇಳುತ್ತಾರಲ್ಲ ಎಂಬ ಹೆಮ್ಮೆ ನನಗೂ ಒಳಗೊಳಗೇ ಇತ್ತು. ಅದನ್ನೂ ಹೇಳಿಬಿಡುವುದು ಒಳ್ಳೆಯದು.

ಅಣಬೆಯ ವಿಷಯದಲ್ಲಿ ಆ ವಠಾರದಲ್ಲಿ ನಾನೊಬ್ಬಳೇ ಪಂಡಿತೆ. ಯಜಮಾನರ ಮನೆಯಲ್ಲಿ ಅಣಬೆ ಎಂಬ ಮಾತನ್ನೇ ಅಡುಗೆಮನೆಯಲ್ಲಿ ಆಡುವಂತಿರಲಿಲ್ಲ. ನೆಲದಿಂದ ಎದ್ದದ್ದು, ಸಗಣಿಯಿಂದ ಎದ್ದದ್ದು, ಹುತ್ತದಿಂದ ಎದ್ದದ್ದು, ಎಲ್ಲವೂ ಅವರಿಗೆ ಒಂದೇ ಮೈಲಿಗೆ. ನಮ್ಮ ಮನೆಗಳಲ್ಲಿ ಹಾಗಲ್ಲ. ಗುಡುಗಿಗೆ ಏಳುವುದು ಯಾವುದು, ಹುತ್ತದ್ದು ಯಾವುದು, ಮುಟ್ಟಬಾರದ್ದು ಯಾವುದು ಎಂದು ಎಲ್ಲರಿಗೂ ಗೊತ್ತಿರುತ್ತಿತ್ತು. ಜೊತೆಗೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಅಣಬೆ ಯಾರು ಕಿತ್ತು ತಂದರೋ ಅವರೇ ಮೊದಲು ಒಂದು ಸೌಟು ಪಲ್ಯ ತಿಂದು, ಎಲೆಅಡಿಕೆ ಹಾಕಿ ಮುಗಿಸುವಷ್ಟು ಹೊತ್ತು ಸುಮ್ಮನೆ ಕೂರಬೇಕು. ಆಮೇಲೇ ಮಕ್ಕಳಿಗೆ ಬಡಿಸುವುದು. ನಮ್ಮಪ್ಪ ಅಣಬೆ ತಂದ ದಿನ ಹಾಗೆ ಜಗಲಿಯ ಮೇಲೆ ಕೂತಿದ್ದರೆ, ನಾವು ಮಕ್ಕಳು ಹಸಿವೆಯಲ್ಲಿ ಅವರ ಬಾಯಿ ನೋಡುತ್ತ ಎದುರು ಕೂತಿರುತ್ತಿದ್ದೆವು. ಈ ಕಥೆಯನ್ನು ನಾನೇ ಒಂದು ಮಧ್ಯಾಹ್ನ ಯಜಮಾನರ ಹೆಂಡತಿಗೆ ನಗುತ್ತ ಹೇಳಿದ್ದೆ. ಯಜಮಾನರು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಿದ್ದರು.

ಆ ಬೀದಿಗೆ ಅಣಬೆ, ಕಳಲೆ, ಸೊಪ್ಪು ತರುತ್ತಿದ್ದವಳು ಒಬ್ಬಳು ಮುಳುಗಡೆಯ ಹೆಂಗಸು. ಆನಂದಪುರದ ರಸ್ತೆಯ ಬದಿಗೆ ಸೋಗೆಯ ಗುಡಿಸಲು. ಗಂಡ ನೀರು ಬರುವ ಮೊದಲೇ ಹೋಗಿದ್ದ. ನೀರು ಬಂದ ಮೇಲೆ ಮನೆಯೂ ಹೋಯಿತು. ಒಕ್ಕಲು ಮಾಡುತ್ತಿದ್ದ ಗದ್ದೆ ಅವಳ ಹೆಸರಿನಲ್ಲಿರಲಿಲ್ಲವಾದ್ದರಿಂದ ಪರಿಹಾರ ಎಂದು ಬಂದದ್ದು ಬೇರೆಯವರಿಗೆ. ಅವಳಿಗೆ ಉಳಿದಿದ್ದ ಆಸ್ತಿ ಎಂದರೆ ಅವಳ ಕಣ್ಣು ಮತ್ತು ಅದರ ಮೇಲೆ ಬೀದಿಯವರಿಗಿದ್ದ ನಂಬಿಕೆ. ಅವಳು ತಂದ ಅಣಬೆಯನ್ನು ಯಾರೂ ತಿರುಗಿಸಿ ನೋಡುತ್ತಿರಲಿಲ್ಲ, ನೇರ ಬಾಣಲೆಗೆ ಹಾಕುತ್ತಿದ್ದರು. ಬದಲಿಗೆ ಅವರು ಅಳೆದು ಕೊಡುತ್ತಿದ್ದ ಅಕ್ಕಿಯಿಂದಲೇ ಅವಳ ಒಲೆ ಉರಿಯುತ್ತಿತ್ತು. ಆ ನಂಬಿಕೆ ಹೋದರೆ ಅವಳು ಬುಟ್ಟಿ ಹೊತ್ತು ಯಾವ ಬಾಗಿಲಿಗೂ ಹೋಗುವಂತಿರಲಿಲ್ಲ. ಇದು ನನಗೆ ಗೊತ್ತಿತ್ತು.

ಲೆಕ್ಚರರಿಗೆ ಬೇಕಾಗಿದ್ದ ಅಣಬೆಯ ಗುರುತು ಪತ್ರಿಕೆಯಲ್ಲಿತ್ತು. ದನ ಎಮ್ಮೆಗಳ ಸಗಣಿಯ ಮೇಲೆ ಹುಟ್ಟುವುದು, ಟೋಪಿ ಜೇನಿನ ಬಣ್ಣದ್ದು, ಚಿವುಟಿದರೆ ನೀಲಿಯಾಗುವುದು. ಅವಳ ಹತ್ತಿರ ನೇರ ಕೇಳಲು ಅವರಿಗೆ ಸಂಕೋಚ. ಅವಳ ಮಾತು ತಮಗೆ ತಿಳಿಯುವುದಿಲ್ಲ, ನೀವೇ ಹೇಳಿ ಎಂದು ನನಗೆ ಹಚ್ಚಿದರು. ಆಕಾಶದ ಜೊತೆ ಒಂದಾಗಲು ಹೊರಟವರಿಗೆ ಬಾಗಿಲಲ್ಲಿ ನಿಂತ ಹೆಂಗಸಿನ ಕನ್ನಡ ತಿಳಿಯುತ್ತಿರಲಿಲ್ಲ. ನಾನು ಹೇಳಿದೆ.

ಅವಳು ಬುಟ್ಟಿ ಕೆಳಗಿಟ್ಟು ನನ್ನ ಮುಖ ನೋಡಿದಳು. “ಅದು ತಿಂಬಂಥದಲ್ಲ ಅಕ್ಕೋರೆ, ಹುಚ್ಚಣಬೆ. ನಮ್ಮೂರಾಗೆ ದನ ಕಾಯೋನೊಬ್ಬ ತಿಂದು ಬೆಳಿಗ್ಗಿಂದ ಸಂಜಿ ತನ್ಕ ಹಲಸಿನ ಮರದ ಹತ್ರ ಮಾತಾಡ್ತಾ ಕೂತಿದ್ದ. ಸಾಯ್ಲಿಲ್ಲ. ಆದ್ರೆ ಆಮೇಲೆ ಆ ಮರದ ಬುಡಕ್ಕೆ ಹೋಗ್ಲೇ ಇಲ್ಲ.”

“ತಿನ್ನೋಕಲ್ಲ ಮಾರಾಯ್ತಿ, ನೋಡಿ ಬರೆಯೋಕಂತೆ,” ಎಂದೆ. ಲೆಕ್ಚರರ್ ನನಗೆ ಹಾಗೆಂದಿದ್ದರು. ನಾನು ಅದನ್ನು ಅರ್ಧ ನಂಬಿದ್ದೆ. ಇನ್ನರ್ಧದ ಕಡೆಗೆ ತಲೆ ಹಾಕಲಿಲ್ಲ.

“ಓದ್ದೋರಿಗೆ ಸಗಣಿ ಮೇಲಿಂದು ಎಂತಕ್ಕಪಾ...” ಎಂದು ಗೊಣಗಿಕೊಂಡು ಹೋದಳು.

ಮೂರನೇ ದಿನ, ಶನಿವಾರ ಸಂಜೆ, ತಂದಳು. ತಿನ್ನುವ ಅಣಬೆ ಬುಟ್ಟಿಯಲ್ಲಿ, ಇದು ಬೇರೆ ಕೆಸುವಿನ ಎಲೆಯಲ್ಲಿ, ಬಾಳೆನಾರು ಬಿಗಿದು. ಕಟ್ಟು ಬಿಚ್ಚಿ ಒಂದರ ಕಾಲು ಚಿವುಟಿ ತೋರಿಸಿದಳು. ನೋಡನೋಡುತ್ತ ಅದು ನೀಲಿಗಟ್ಟಿತು, ಅವಳ ಉಗುರಿಗೂ ಹತ್ತಿತು. ಇದಕ್ಕೆ ಅಕ್ಕಿ ಬೇಡ, ತಿಂಬುವ ವಸ್ತುವಲ್ಲದ್ದಕ್ಕೆ ಏನೂ ತಗೊಳ್ಳುವುದಿಲ್ಲ ಎಂದಳು. ಹೋಗುವಾಗ ಲೆಕ್ಚರರ ಬಾಗಿಲಿಗೇ ಹೋಗಿ ಗಟ್ಟಿಯಾಗಿ, “ಸ್ವಾಮಿ, ಬಾಯಿಗೆ ಹಾಕ್ಬ್ಯಾಡಿ,” ಎಂದು ಹೇಳಿ ಹೋದಳು. ಅವರು ಪುಸ್ತಕದಿಂದ ತಲೆ ಎತ್ತಿ ಕೈಯೆತ್ತಿ ಆಶೀರ್ವಾದ ಮಾಡುವವರ ಹಾಗೆ ಮಾಡಿದರು.

ಮರುದಿನ ಭಾನುವಾರ. ಮಳೆ ಬಿಟ್ಟು ಹಳದಿ ಬಿಸಿಲು ಬಂದಿತ್ತು. ಒಂಬತ್ತು ಗಂಟೆಗೆ ಅವರು ಸ್ನಾನ ಮಾಡಿ, ಊದುಬತ್ತಿ ಹಚ್ಚಿ, ಅಣಬೆಯನ್ನು ಜೇನುತುಪ್ಪದಲ್ಲಿ ಕಲಸಿ ಅರ್ಧ ತಿಂದರು. ಉಳಿದರ್ಧವನ್ನು ಒಂದು ಬಟ್ಟಲಿನಲ್ಲಿ ಮುಚ್ಚಿಟ್ಟರು, ದೇವರು ಮೊದಲ ಸಲಕ್ಕೆ ಸಿಗದಿದ್ದರೆ ಇರಲಿ ಎಂದು. ಇದೆಲ್ಲ ಅವರೇ ಆಮೇಲೆ ಪುಸ್ತಕದಲ್ಲಿ ಬರೆದುಕೊಂಡದ್ದು. ಪುಸ್ತಕದಲ್ಲಿಲ್ಲದ್ದನ್ನು ನಾನು ಹೇಳುತ್ತೇನೆ.

ಅರ್ಧ ಗಂಟೆಗೆ ಆಕಳಿಕೆ ಶುರುವಾಯಿತು. ಒಂದರ ಮೇಲೊಂದು ಬಾಯಿ ಹರಿಯುವಂಥ ಆಕಳಿಕೆ. ಆಮೇಲೆ ಬಚ್ಚಲಿಗೆ ಹೋಗಿ ವಾಂತಿ ಮಾಡಿದರು. ಹೊರಗೆ ಬಂದಾಗ ಕಣ್ಣಿನ ಪಾಪೆ ಅಗಲವಾಗಿ ಕಣ್ಣೆಲ್ಲ ಕಪ್ಪೇ ಆಗಿತ್ತು. ಅಂಥ ಬಿಸಿಲಿನಲ್ಲಿ ಚಳಿ ಎಂದು ಶಾಲು ಬಿಗಿದುಕೊಂಡರು. ಹಂಚಿನ ಮಾಡು ಉಸಿರಾಡುತ್ತಿದೆ ಎಂದರು. ಯಜಮಾನರ ಹೆಂಡತಿ ಒಣಹಾಕಿದ್ದ ಸೀರೆಯ ಅಂಚನ್ನು ಮೂಗಿಗೆ ಹಿಡಿದು ನೋಡಿ, ಈ ಬಣ್ಣ ತಮಗೆ ಕೇಳಿಸುತ್ತಿದೆ ಎಂದರು. ಅಂಗಳದ ಕಸಬರಿಗೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಎಂಥ ಕರುಣೆ, ಎಂಥ ಕರುಣೆ ಎಂದು ಅತ್ತರು. ಅಷ್ಟು ದಿನದಲ್ಲಿ ಅವರು ಆ ಕಸಬರಿಗೆಯನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಅಲ್ಲಿಯವರೆಗೆ ನನಗೆ ನಗು ಬರುತ್ತಿತ್ತು. ಆಮೇಲೆ ಬರಲಿಲ್ಲ. ತಮ್ಮ ಕೈಗಳನ್ನು ನೋಡಿಕೊಂಡು, ಇವು ಯಾರದು, ತೆಗೆಯಿರಿ ಎಂದು ಕಿರುಚತೊಡಗಿದರು. ಎದೆ ಒಡೆಯುತ್ತಿದೆ ಎಂದರು. ಕೈ ಹಿಡಿದು ನೋಡಿದರೆ ನಾಡಿ ಕುದುರೆಯ ಹಾಗೆ ಓಡುತ್ತಿತ್ತು. ಅವ್ವಾ ಅವ್ವಾ ಎಂದು ಕೂಗಿದರು. ಪಂಚೆ ಒದ್ದೆಯಾಯಿತು. ಯಜಮಾನರ ಹೆಂಡತಿ ಒಳಗೆ ಓಡಿ, “ಅವಕ್ಕೆ ಎಂತೋ ಆಯ್ದು, ಬೇಗ ಬನ್ನಿ!” ಎಂದು ಗಂಡನನ್ನು ಕರೆದರು. ಯಜಮಾನರು ಬಂದದ್ದೇ ತಡ, ಅವರ ಕಾಲಿಗೆ ಬಿದ್ದು ಲೆಕ್ಚರರ್ ಅಪ್ಪಿ ಹಿಡಿದುಕೊಂಡರು.

“ಆ ಅಣಬೆ ಹೆಂಗಸು ನನಗೆ ವಿಷ ಕೊಟ್ಟಳು. ಸಾಯ್ತೀನಿ. ಕಾಪಾಡಿ.”

ಇದನ್ನು ಬೀದಿ ಕೇಳಿತು. ಬೇಲಿಯಾಚೆ ಆಗಲೇ ಆರೆಂಟು ತಲೆ ಸೇರಿದ್ದವು.

ನನ್ನ ತಮ್ಮನ ಮಗಳು ಈಗ ಡಾಕ್ಟರು, ಮನಸ್ಸಿನ ಕಾಯಿಲೆಗಳನ್ನೇ ನೋಡುವವಳು. ಅವಳನ್ನೊಮ್ಮೆ ಕೇಳಿದ್ದೆ. ಆ ಅಣಬೆಯೊಳಗಿನ ವಸ್ತು ಮೈಗೆ ಸೇರಿದ ಮೇಲೆ ಸ್ವಲ್ಪ ರೂಪ ಬದಲಿಸುತ್ತದಂತೆ. ಆಗ ಅದು ಮಿದುಳು ತಾನೇ ಮಾಡಿಕೊಳ್ಳುವ ಸೆರೊಟೋನಿನ್ ಎಂಬ ರಾಸಾಯನಿಕದ ಹಾಗೆಯೇ ಕಂಡು, ಅದರ ಜಾಗದಲ್ಲಿ ಹೋಗಿ ಕೂರುತ್ತದಂತೆ. ಕಣ್ಣಿನದು, ಕಿವಿಯದು, ನೆನಪಿನದು ಎಂದು ಬೇರೆ ಬೇರೆ ಕೆಲಸ ಮಾಡಿಕೊಂಡಿದ್ದ ಭಾಗಗಳು ಒಂದರ ಮಾತು ಒಂದು ಕೇಳತೊಡಗುತ್ತವೆ. ‘ನಾನು’ ಎಂದು ಹಿಡಿದಿಟ್ಟುಕೊಂಡಿರುವ ಹೆಣಿಗೆ ಸಡಿಲವಾಗುತ್ತದೆ. ಮೈಯಲ್ಲಿ ರಕ್ತದ ಒತ್ತಡ ಏರುತ್ತದೆ, ಪಾಪೆ ಅಗಲವಾಗುತ್ತದೆ, ಹೊಟ್ಟೆ ತೊಳಸುತ್ತದೆ. ಸಾಮಾನ್ಯವಾಗಿ ನಾಲ್ಕೈದು ಗಂಟೆಯಲ್ಲಿ ಇಳಿಯುತ್ತದೆ. ಆದರೆ ಹೆದರಿದವನಿಗೆ ಆ ನಾಲ್ಕೈದು ಗಂಟೆ ನರಕ, ಕೆಲವರ ಮನಸ್ಸು ಆಮೇಲೂ ಸರಿಹೋಗುವುದಿಲ್ಲ. ಈಗ ದೊಡ್ಡ ಆಸ್ಪತ್ರೆಗಳಲ್ಲಿ ಖಿನ್ನತೆಯವರಿಗೆ ಅಳೆದು ಕೊಟ್ಟು, ಪಕ್ಕದಲ್ಲಿ ಒಬ್ಬರು ಕೂತು ಕಾಯ್ದು ಪರೀಕ್ಷೆ ಮಾಡುತ್ತಿದ್ದಾರೆ ಎಂದಳು. ಆಗಲಿ, ಉಪಕಾರವಾದರೆ ಸಂತೋಷ. ನಮ್ಮ ಲೆಕ್ಚರರಿಗೆ ಮಾತ್ರ ಆ ‘ನಾನು’ ನಾಲ್ಕು ಗಂಟೆ ಸಡಿಲವಾಗಿದ್ದು, ಐದನೇ ಗಂಟೆಗೆ ಮೊದಲಿಗಿಂತ ಬಿಗಿಯಾಗಿ ಬಂದು ಕೂತುಕೊಂಡಿತು.

ಎರಡು ಗಂಟೆಯ ಹೊತ್ತಿಗೆ ಅವರು ಮಜ್ಜಿಗೆ ಕುಡಿದು, ಪಂಚೆ ಬದಲಿಸಿ, ತಲೆ ಬಾಚಿಕೊಂಡು ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದರು. ಕಾಫಿಯೂ ಬಂತು. ಮುಖದಲ್ಲಿ ಒಂದು ದೊಡ್ಡ ಯಾತ್ರೆ ಮುಗಿಸಿ ಬಂದವರ ಗಾಂಭೀರ್ಯ. ಯಜಮಾನರು ಮಾತ್ರ ಗೇಟಿನ ತನಕ ಹೋಗಿ ಹೋಗಿ ಬರುತ್ತಿದ್ದರು. ತಮ್ಮ ಮನೆಯಲ್ಲಿ ಪರಸ್ಥಳದ ವಿದ್ವಾಂಸನೊಬ್ಬ ವಿಷ ತಿಂದು ಸತ್ತಿದ್ದರೆ ಪೊಲೀಸು, ಕೋರ್ಟು, ಗತಿಯೇನು ಎಂಬುದೇ ಅವರ ತಲೆಯಲ್ಲಿತ್ತು. ಅವಳನ್ನು ಕರೆತರಲು ಆಳು ಕಳಿಸಿದ್ದರು.

ಮೂರು ಗಂಟೆಗೆ ಅವಳು ಬಂದಳು. ಅಂಗಳದಲ್ಲಿ ಜನ ಕಂಡು ಗೇಟಿನ ಹತ್ತಿರವೇ ನಿಂತಳು.

“ಎಂತ ತಂದು ಕೊಟ್ಟೆ ನೀನು ಇವರಿಗೆ?” ಎಂದರು ಯಜಮಾನರು.

“ಇವ್ರೇ ಬೇಕು ಅಂದಿದ್ದು ಒಡೇರೆ. ತಿನ್ಬ್ಯಾಡಿ ಅಂತ ಬಾಗಿಲಾಗೆ ನಿಂತು ಹೇಳೀನಿ. ಕೇಳಿ ಅವ್ರನ್ನೇ.”

ಎಲ್ಲರೂ ಲೆಕ್ಚರರ ಕಡೆ ನೋಡಿದರು. ‘ಹೌದು, ನಾನೇ ಹೇಳಿ ತರಿಸಿದ್ದು, ಅವಳು ಬೇಡವೆಂದಿದ್ದಳು’ ಎಂಬ ಅಷ್ಟೇ ಅಷ್ಟು ಮಾತು ಅವರು ಆಡಬೇಕಿತ್ತು. ಬೀದಿಯವರು ನಕ್ಕು ಮನೆಗೆ ಹೋಗುತ್ತಿದ್ದರು. ಬೆಳಿಗ್ಗೆ ಇಡೀ ಬ್ರಹ್ಮಾಂಡದ ಜೊತೆ ಒಂದಾಗಿ ಬಂದಿದ್ದ ಆ ಮಹಾನುಭಾವರು ಶಾಲಿನ ಅಂಚು ಸರಿಮಾಡಿಕೊಂಡರು.

“ಅಣಬೆ ಕೇಳಿದ್ದು ನಿಜ. ಯಾವುದು ಒಳ್ಳೆಯದು ಯಾವುದು ಕೆಟ್ಟದ್ದು ಎಂದು ನನಗೇನು ಗೊತ್ತು? ನಾವು ಅದನ್ನು ತಿನ್ನುವವರೇ ಅಲ್ಲ.”

ಅವಳು ಅವರನ್ನು ಬಿಟ್ಟು ನನ್ನ ಕಡೆ ತಿರುಗಿದಳು. “ಅಕ್ಕೋರೆ, ನೀವಾದ್ರೂ ಹೇಳಿ.”

ನಾನು ಏನು ಯೋಚಿಸಿದೆ ಎಂಬುದು ಈಗಲೂ ಸ್ಪಷ್ಟವಾಗಿ ನೆನಪಿದೆ. ಮದುವೆಯಾಗದ ಹೆಣ್ಣು. ಹೆಂಡತಿ ಜೊತೆಗಿಲ್ಲದ ಗಂಡಸು. ಸಂಜೆ ಸಂಜೆ ಕೂತು ಮಾತಾಡುತ್ತಿದ್ದರಂತೆ, ಅವನಿಗೆ ಬೇಕಾದ ಅಮಲಿನ ಪದಾರ್ಥವನ್ನು ಇವಳೇ ತರಿಸಿಕೊಟ್ಟಳಂತೆ... ಈ ಮಾತು ನನ್ನ ಹೆಡ್‌ಮಾಸ್ತರ ಕಿವಿಗೆ ಬೀಳಲು ಒಂದು ದಿನ ಸಾಕು. ತೀರ್ಥಹಳ್ಳಿಗೆ ಮುಟ್ಟಲು ಎರಡು ದಿನ.

“ನನಗೆ ಸರಿಯಾಗಿ ಗೊತ್ತಿಲ್ಲ,” ಎಂದೆ.

ಅವಳು ಬೈಯಲಿಲ್ಲ. ನನ್ನನ್ನು ನೋಡುವುದನ್ನು ನಿಲ್ಲಿಸಿದಳು, ಅಷ್ಟೆ.

ಆಗ ಯಜಮಾನರಿಗೆ ನನ್ನ ಕಥೆ ನೆನಪಾಯಿತು. “ಅಕ್ಕೋರೇ ಹೇಳಿದ್ರಲ್ಲ, ಇವರ ಕಡೆ ತಂದವರೇ ಮೊದಲು ತಿನ್ನೋದಂತೆ. ಬಟ್ಟಲಲ್ಲಿ ಇನ್ನೂ ಇದೆ. ಒಳ್ಳೇದಾದ್ರೆ ತಿನ್ನಲಿ ನೋಡುವ,” ಎಂದರು. ಅಣಬೆಯನ್ನು ಜನ್ಮದಲ್ಲಿ ಮುಟ್ಟದ ಆ ಮನುಷ್ಯನಿಗೆ ಇದು ಬಹಳ ನ್ಯಾಯವಾಗಿ ಕಂಡಿತು. ಅಣಬೆ ಎಂದರೆ ಒಂದೇ ಎಂದುಕೊಂಡಿದ್ದವರು. ಒಳ್ಳೆಯವಳು ತಂದದ್ದು ಒಳ್ಳೆಯದು, ಕೆಟ್ಟವಳು ತಂದದ್ದು ಕೆಟ್ಟದ್ದು ಎಂಬಷ್ಟೇ ಅವರ ಲೆಕ್ಕ. ಮಕ್ಕಳ ಜೀವ ಕಾಯಲೆಂದು ನಮ್ಮಪ್ಪ ಜಗಲಿಯ ಮೇಲೆ ಕೂತು ಪಾಲಿಸುತ್ತಿದ್ದ ಕಟ್ಟಳೆಯನ್ನು ನಾನು ತಮಾಷೆಗೆ ಹೇಳಿದ್ದೆ. ಈಗ ಅದು ಒಬ್ಬಳ ಕುತ್ತಿಗೆಗೆ ಬಂದಿತ್ತು.

“ಅದು ಒಳ್ಳೇದಲ್ಲ ಅಂತ್ಲೇ ನಾ ಹೇಳಿದ್ದು,” ಎಂದಳು ಅವಳು. ಯಾರೂ ಕೇಳಿಸಿಕೊಳ್ಳಲಿಲ್ಲ. ನೋಡಿದ್ರಾ, ತಿನ್ನೋಕೆ ಹೆದರ್ತಾಳೆ ಎಂದು ಬೇಲಿಯ ಹತ್ತಿರ ಯಾರೋ ಅಂದರು. ಅದು ಅವಳಿಗೆ ಕೇಳಿಸಿತು. ನೇರ ಬಂದು ಬಟ್ಟಲು ತೆಗೆದುಕೊಂಡಳು, ಎರಡು ಬೆರಳಲ್ಲಿ ಎತ್ತಿ ಬಾಯಿಗಿಟ್ಟಳು, ಜಗಿದು ನುಂಗಿದಳು. ಇನ್ನೊಮ್ಮೆ ಎತ್ತಿದಳು. ಮೂರನೆಯದಕ್ಕೆ ಕೈ ಹಾಕಿದಾಗ ಯಜಮಾನರೇ ಗಾಬರಿಯಾಗಿ, ಸಾಕು ಸಾಕು ಎಂದು ಬಟ್ಟಲು ಕಸಿದುಕೊಂಡರು. ಇಷ್ಟೂ ಹೊತ್ತು ಲೆಕ್ಚರರ್ ಅದೇ ಕುರ್ಚಿಯಲ್ಲಿ ಕೂತಿದ್ದರು. ತಾವು ತಿಂದು ಕಂಡ ನರಕ ಅವರಿಗೆ ನೆನಪಿತ್ತು. ಆದರೂ ಕಣ್ಣೆದುರು ಅವಳು ಅದನ್ನೇ ತಿನ್ನುವುದನ್ನು ಬಾಯಿ ಮುಚ್ಚಿಕೊಂಡು ನೋಡಿದರು. ನಾನೂ ನೋಡಿದೆ.

ಅವಳನ್ನು ನನ್ನ ಕೋಣೆಗೆ ಕರೆದುಕೊಂಡು ಹೋದೆ. ಅಷ್ಟು ಮಾಡಿದೆ. ಗೋಡೆಗೊರಗಿ ಕೂತಳು. ಕೈ ತಣ್ಣಗಾಗಿತ್ತು, ಕಂಬಳಿ ಹೊದಿಸಿದೆ. ಕಣ್ಣು ಲೆಕ್ಚರರ ಕಣ್ಣಿನಂತೆಯೇ ಅಗಲವಾಯಿತು. ಕಿರುಚುತ್ತಾಳೇನೋ ಎಂದು ಕಾಯುತ್ತಿದ್ದೆ. ಅವಳು ಕಿರುಚಲಿಲ್ಲ. ಬಹಳ ಹೊತ್ತಿನ ಮೇಲೆ, “ತಲೆ ತಗ್ಗಿಸ್ಕಂಡು ಬನ್ನಿ ಅಕ್ಕೋರೆ, ಬಾಗ್ಲು ಗಿಡ್ಡ,” ಎಂದಳು.

ನನ್ನ ಕೋಣೆಯ ಬಾಗಿಲು ಗಿಡ್ಡವಾಗಿರಲಿಲ್ಲ. ಅವಳಿದ್ದದ್ದು ನೀರಿನಡಿ ಹೋದ ಅವಳ ಮನೆಯಲ್ಲಿ. ಒಂದೊಂದೇ ತೋರಿಸಿದಳು. ಇದು ಭತ್ತ ಕುಟ್ಟುವ ಒಳ್ಳು, ಇದು ಗಂಡ ಕೆತ್ತಿದ ಕಂಬ, ಇಲ್ಲಿ ಬೆಕ್ಕು ಮಲಗುವುದು. ನನ್ನ ಸಿಮೆಂಟು ನೆಲವನ್ನು ಅಂಗೈಯಿಂದ ಸಾರಿಸಿದಳು. ಎಮ್ಮೆ ಇನ್ನೂ ಬಂದಿಲ್ಲ ಎಂದು ಬಾಗಿಲ ಕಡೆ ನೋಡಿ ಕೂಗಿದಳು, ಬಂತು ಎಂದು ನಕ್ಕಳು. ನನಗೆ ಮಣೆ ಹಾಕಿದಳು, ಗಂಜಿ ಬಡಿಸಿದಳು. ನಾನು ಖಾಲಿ ನೆಲದ ಮುಂದೆ ಕೂತು ಉಣ್ಣುವವಳ ಹಾಗೆ ಕೂತಿದ್ದೆ. ಅವಳ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ...

ದೀಪ ಹಚ್ಚುವ ಹೊತ್ತಿಗೆ ಅದು ಇಳಿಯಿತು. ಇಳಿಯುವುದು ಕಾಣುತ್ತಿತ್ತು. ಗೋಡೆ ನೋಡಿದಳು, ನನ್ನ ಟ್ರಂಕು ನೋಡಿದಳು, ಬಳಪದಲ್ಲಿ ಬರೆದ ಆ ಹಲಸಿನ ಸೊಳೆ ನೋಡಿದಳು. ಎಲ್ಲಿದ್ದೇನೆಂದು ತಿಳಿಯಿತು. “ಒಂದ್ಸಲ ಬಿಟ್ಟು ಬಂದಿದ್ದೆ ಅಕ್ಕೋರೆ. ಈಗ ಮತ್ತೆ ಬಿಟ್ಟು ಬರೂ ಹಂಗಾತು,” ಎಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಅದೇ ಹೊತ್ತಿಗೆ ಬಾಗಿಲು ತಟ್ಟಿ ಲೆಕ್ಚರರ್ ಬಂದರು. ಕೈಯಲ್ಲಿ ನೋಟ್‌ಬುಕ್ಕು, ಪೆನ್ನಿನ ಮುಚ್ಚಳ ಆಗಲೇ ತೆಗೆದಿತ್ತು. ಕ್ಷಮೆ ಕೇಳಲು ಬಂದರೇನೋ ಎಂದು ಒಂದು ಕ್ಷಣ ನಾನು ಅಂದುಕೊಂಡೆ. ನೋಡಿ, ನಾನು ಎಂಥ ದಡ್ಡಿ.

“ಏನು ಕಂಡಿತು ಇವಳಿಗೆ? ಬಣ್ಣಗಳು? ಆಕೃತಿಗಳು? ತಿಂದ ಎಷ್ಟು ನಿಮಿಷಕ್ಕೆ?” ಎಂದು ನನ್ನನ್ನು ಕೇಳಿದರು. ಅವಳನ್ನು ಕೇಳಲಿಲ್ಲ.

ಅವಳೇ ತಲೆಯೆತ್ತಿದಳು. “ಅದು ನಮ್ಮನಿ. ನಿಮ್ಗೆ ಹೇಳೂದಲ್ಲ. ಹೊರಗೆ ನಿಲ್ಲಿ,” ಎಂದಳು.

ಅವರು ಅದನ್ನೂ ಬರೆದುಕೊಳ್ಳಲು ನೋಡಿದರು. ನಾನು ಬಾಗಿಲು ಹಾಕಿದೆ.

ಅಂಗಳದ ಪರೀಕ್ಷೆಯ ತೀರ್ಪು ಮರುದಿನ ಬೀದಿಗೆಲ್ಲ ತಿಳಿದಿತ್ತು. ತಿಂದವಳಿಗೂ ಅಮಲು ಹಿಡಿಯಿತು, ಹಾಗಾದರೆ ತಂದದ್ದು ವಿಷವೇ. ತಿನ್ನದಿದ್ದರೂ ಕಳ್ಳಿ, ತಿಂದರೂ ಕಳ್ಳಿ. ಮುಂದಿನ ವಾರ ಅವಳು ಬುಟ್ಟಿ ಹೊತ್ತು ಒಮ್ಮೆ ಬಂದಳಂತೆ, ನಾನು ಶಾಲೆಯಲ್ಲಿದ್ದೆ. ಒಂದು ಮನೆಯವರೂ ಬಾಗಿಲಿಗೆ ಬರಲಿಲ್ಲವಂತೆ. ಬುಟ್ಟಿ ತುಂಬಿದ್ದದ್ದು ಹಾಗೇ ವಾಪಸಾಯಿತು. ನಾನು ಧೈರ್ಯ ಮಾಡಿ ಆನಂದಪುರದ ರಸ್ತೆಗೆ ಹೋಗುವಷ್ಟರಲ್ಲಿ ತಿಂಗಳು ಕಳೆದಿತ್ತು. ಗುಡಿಸಲಲ್ಲಿ ಬೇರೆಯವರಿದ್ದರು. ಹೊಳೆಬಾಗಿಲಿನ ಕಡವಿನಲ್ಲಿ ಹಿನ್ನೀರು ದಾಟಿ ಆಚೆ ದಡದ ತಮ್ಮನ ಮನೆಗೆ ಹೋದಳು ಎಂದರು. ನಾನು ದಾಟಲಿಲ್ಲ. ಮರುವರ್ಷ ಹೊಸನಗರಕ್ಕೆ ವರ್ಗವಾಯಿತು, ಹೋದೆ.

ಲೆಕ್ಚರರ ಪುಸ್ತಕ ಕೆಲವು ವರ್ಷದ ಮೇಲೆ ಬಂತು. ಅದರಲ್ಲಿ ಕಸಬರಿಗೆ ಇಲ್ಲ, ಒದ್ದೆ ಪಂಚೆ ಇಲ್ಲ. ಮಲೆನಾಡಿನ ಒಬ್ಬ ಅನಕ್ಷರಸ್ಥ ಸ್ತ್ರೀ ತಮ್ಮ ಸಮ್ಮುಖದಲ್ಲಿ ಆ ಅಣಬೆ ಸೇವಿಸಿ ಸಾವಿರ ಕೈಗಳ ಮಹಾಮಾತೆಯನ್ನು ಕಂಡು ಆನಂದಬಾಷ್ಪ ಸುರಿಸಿದಳೆಂದು ಒಂದು ಪ್ಯಾರಾ ಇದೆ. ಅವಳ ಅಳುವನ್ನೂ ಅವರು ಬಿಡಲಿಲ್ಲ. ಪುಸ್ತಕಕ್ಕೆ ಸನ್ಮಾನ ಆಯಿತು, ಶಾಲು ಹೊದಿಸಿದರು, ಅದನ್ನೂ ಪತ್ರಿಕೆಯಲ್ಲಿ ನೋಡಿದೆ.

ನನಗೀಗ ಎಂಬತ್ತು ದಾಟಿದೆ. ಮೊನ್ನೆ ಒಬ್ಬ ಹುಡುಗಿಯ ಫೋನು ಬಂತು. ಲೆಕ್ಚರರ್ ಹುಟ್ಟಿ ನೂರು ತುಂಬುವ ವರ್ಷವಂತೆ, ನೆನಪಿನ ಸಂಪುಟ ತರುತ್ತಾರಂತೆ, ನೀವು ಸಾಗರದಲ್ಲಿ ಅವರ ನೆರೆಯಲ್ಲಿದ್ದಿರಂತಲ್ಲ ಮೇಡಂ, ಏನಾದರೂ ಹೇಳಿ ಎಂದಳು. ಹೇಳಿದೆ. ಅಂಗಳದಲ್ಲಿ ಹೇಳಬೇಕಾಗಿದ್ದನ್ನು ಅರವತ್ತು ವರ್ಷ ತಡವಾಗಿ, ಒಂದೂ ಬಿಡದೆ ಹೇಳಿದೆ. ಆ ಹೆಂಗಸು ಬೇಡವೆಂದಿದ್ದಳು, ತರಿಸಿದವರು ಅವರು, ಕೇಳಿದವಳು ನಾನು, ಇಬ್ಬರೂ ಸುಳ್ಳು ಹೇಳಿದೆವು. ಇಷ್ಟನ್ನು ಅಚ್ಚು ಹಾಕಿ ಎಂದೆ. ಒಳ್ಳೆಯ ಹುಡುಗಿಯೇ ಇರಬೇಕು. ಖಂಡಿತ ಹಾಕಿಸ್ತೀನಿ ಮೇಡಂ, ಆ ಹೆಂಗಸಿನ ಹೆಸರು ಹೇಳಿ, ಬರೆದುಕೊಳ್ತೀನಿ ಎಂದಳು.

ಆ ವರ್ಷದ ಮೂರನೇ ತರಗತಿಯ ಹಾಜರಿಯನ್ನು ನಾನು ಈಗಲೂ ಬಾಯಿಪಾಠ ಹೇಳಬಲ್ಲೆ, ನಲವತ್ತೊಂದು ಮಕ್ಕಳು. ಆ ಹೆಂಗಸು ಎರಡು ವರ್ಷ ನನ್ನ ಬಾಗಿಲಿಗೆ ಬಂದಿದ್ದಳು. ನನಗೆ ಊಟ ಬಡಿಸಿದ್ದಳು.

“ಗೊತ್ತಿಲ್ಲ,” ಎಂದೆ. ಈ ಸಲ ಅದು ನಿಜವಾಗಿತ್ತು.